ನಿನ್ನ ಕಾಲಿನ ಮೇಲೆ ಹೊರಿಸಿದ್ದು

ಮಂಗಳಾ, ನಾನು ನಿನಗೆ ಸುಳ್ಳು ಹೇಳಿದೆ. ನಿನ್ನ ಸೈಕಲ್ಲು ದಿಬ್ಬ ಹತ್ತದೆ ಹೋದದ್ದು ನಿನ್ನ ಎಡಗಾಲಿನಿಂದಲ್ಲ—ನಂಜನಗೂಡಿನ ನನ್ನ ಅಂಗಡಿಯಲ್ಲಿ ನಾನು ಮಾಡಿದ ರಿಪೇರಿಯಿಂದ.

ಆಗ ನಮ್ಮ ಕಡೆ ಗೇರ್ ಸೈಕಲ್ಲೇ ಅಪರೂಪ. ಚಿಕ್ಕಂದಿನ ಜ್ವರದಲ್ಲಿ ನಿನ್ನ ಕಾಲು ಸೊರಗಿತ್ತು. ನಿಮ್ಮೂರು ಹೆಮ್ಮರಗಾಲದಿಂದ ದಾರಿಯ ದಿಬ್ಬ ಹತ್ತಿ ಕಾಲೇಜಿಗೆ ಸುಲಭವಾಗಿ ತುಳಿದುಕೊಂಡು ಬರಲಿ ಎಂದು ನಿಮ್ಮಪ್ಪ ಮೈಸೂರಿನಿಂದ ಅದನ್ನು ತಂದುಕೊಟ್ಟಿದ್ದರು. ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರಕ್ಕೆ ಚೈನು ಏರಿದರೆ ಪೆಡಲು ಹಗುರ. ಆದರೆ ಚೈನು ಅದನ್ನೂ ದಾಟಿ ಜಾರಿ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತಿದೆ ಎಂದು ನೀನು ನನ್ನ ಹತ್ತಿರ ತಂದೆ. ನನಗೋ ಗೇರಿನ ಗಂಧಗಾಳಿಯೂ ಇರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು—ಆದರೆ ಗೇರ್ ರಿಪೇರಿ ಮಾಡುತ್ತೇನೆಂದು ಬೋರ್ಡು ಬರೆಸಿಕೊಂಡು ಮೆರೆಯುತ್ತಿದ್ದವನು ನಾನು. ಸಡಿಲವಾದದ್ದನ್ನು ಬಿಗಿ ಮಾಡುವುದು, ನನ್ನ ಕೈಗೆ ಗೊತ್ತಿದ್ದ ವಿದ್ಯೆ ಅದೊಂದೇ. ಗೇರಿನ ಹಿಂಬದಿಯ ಪುಟ್ಟ ಸ್ಕ್ರೂಗಳನ್ನು ತಿರುಗುವಷ್ಟೂ ಬಿಗಿದೆ. ಚೈನು ಬೀಳುವುದು ನಿಂತಿತು. ದೊಡ್ಡ ಚಕ್ರಕ್ಕೆ ಏರುವುದೂ ನಿಂತಿತು.

ನೀನು ಮತ್ತೆ ಬಂದೆ, ಬೆವರಿನಲ್ಲಿ ತೊಯ್ದು. "ದಿಬ್ಬ ಅತ್ತಕ್ಕೇ ಆಯ್ತಿಲ್ಲ ಕಣಣ್ಣ, ಒಸಿ ನೋಡಣ್ಣ" ಅಂದೆ. ಅಂಗಡಿ ಮುಂದೆ ಗಿರಾಕಿಗಳು ನಿಂತಿದ್ದರು. ಅವರ ಮುಂದೆ ನಾನು ಆಡಿದ ಮಾತು—

"ಗೇರು ಸರಿಯಾಗೇ ಅದೆ ಕಣಮ್ಮ. ನಿನ್ ಕಾಲ್ನಲ್ಲೇ ಸಕ್ತಿ ಇಲ್ಲ."

ನೀನು ಅದನ್ನೇ ನಂಬಿಬಿಟ್ಟೆ. ಸೈಕಲ್ಲು ಮನೆಯ ಗೋಡೆಗೆ ಒರಗಿತು, ಬಸ್ಸು ಕಾಲೇಜಿನ ಹೊತ್ತಿಗೆ ಬರುತ್ತಿರಲಿಲ್ಲ, ಓದೂ ನಿಂತಿತು. ಮದುವೆಯಾಗಿ ನರಸೀಪುರಕ್ಕೆ ಹೋದೆ.

ಆಮೇಲೊಂದು ದಿನ ನಿಮ್ಮಪ್ಪ ಆ ಸೈಕಲ್ಲನ್ನು ಮಾರಿಕೊಡು ಎಂದು ತಂದು ನಿಲ್ಲಿಸಿದರು. ಅಷ್ಟರಲ್ಲಿ ಮೈಸೂರಿನ ಮೆಕ್ಯಾನಿಕ್ಕೊಬ್ಬನ ಕೆಲಸ ನೋಡಿ ಬಂದಿದ್ದೆ—ಆ ಸ್ಕ್ರೂಗಳಿರುವುದು ಬಿಗಿಯುವುದಕ್ಕಲ್ಲ, ಚೈನು ಎಲ್ಲಿಯವರೆಗೆ ಸರಿಯಬೇಕೆಂದು ಗಡಿ ಹಾಕುವುದಕ್ಕೆ. ಗಾಲಿ ಎತ್ತಿ, ಪೆಡಲು ತಿರುಗಿಸುತ್ತ, ಒಂದನ್ನು ತುಸು ಸಡಿಲಿಸಿದೆ. ಚೈನು ಮೆತ್ತಗೆ ದೊಡ್ಡ ಚಕ್ರಕ್ಕೆ ಏರಿಬಿಟ್ಟಿತು. ಪಕ್ಕದಲ್ಲೇ ನಿಂತಿದ್ದ ನಿಮ್ಮಪ್ಪ ಎಂದರು: "ಏನ್ ಮಾಡಾದಪ್ಪ, ಓದು ನಮ್ಮುಡ್ಗಿ ಅಣೇಲಿ ಬರ್ದಿರ್ನಿಲ್ಲ."

ಆಗಲಾದರೂ ಹೇಳಬಹುದಿತ್ತು. ಹೇಳಿದ್ದರೆ—ಇಲ್ಲ, ಹೇಳಲಿಲ್ಲ. ಅಲ್ಲಿಂದ ನಾನು ಆ ಸುಳ್ಳಿನಲ್ಲೇ ಸಿಕ್ಕಿಕೊಂಡೆ. ಅವರು ಬದುಕಿದ್ದಷ್ಟು ದಿನ ದೂರದಲ್ಲಿ ಕಂಡರೆ ಅಡ್ಡರಸ್ತೆ ಹಿಡಿಯುತ್ತಿದ್ದೆ. ಗೇರು ಸರಿಮಾಡಿಸಲು ಬಂದವರಿಗೆಲ್ಲ ಚೆನ್ನಾಗಿಯೇ ಮಾಡಿಕೊಟ್ಟೆ, ಹೆಸರೂ ಬಂತು. ಸ್ಕ್ರೂಡ್ರೈವರ್ ಹಿಡಿದಾಗಲೆಲ್ಲ ನಿನ್ನ ಮುಖ ಎದುರಿಗೆ ಬರುತ್ತಿತ್ತು. ಕೆಲಸ ಬಿಡುವಂತಿಲ್ಲ, ಬಾಯಿ ಬಿಡುವಂತಿಲ್ಲ. ನನ್ನ ಅಂಗಡಿಯೊಳಗೇ ನನಗೆ ಉಸಿರು ಕಟ್ಟುತ್ತಿತ್ತು.

ಮೊನ್ನೆ ನೀನು ಸೈಕಲ್ಲು ಕೊಡಿಸಲು ಮಗಳನ್ನು ಕರೆದುಕೊಂಡು ಬಂದೆ. ನರಸೀಪುರದಲ್ಲಿ ಸೈಕಲ್ ಅಂಗಡಿ ಇಲ್ಲವೇ? ನಂಬಿಕಸ್ಥ ಎಂದು ನನ್ನನ್ನೇ ಹುಡುಕಿಕೊಂಡು ಬಂದಿದ್ದೆ. ಹುಡುಗಿಯ ಕಣ್ಣು ಗೇರ್ ಸೈಕಲ್ಲಿನ ಮೇಲಿತ್ತು. "ಅದು ಬ್ಯಾಡ ಕಣವ್ವ" ಎಂದೆ ನೀನು. "ಗೇರ್ ತುಳಿಯೋ ಸಕ್ತಿ ನಮ್ಮನೆ ಎಣ್ಮಕ್ಕಳ ಕಾಲ್ಗಿಲ್ಲ."

ಎರಡು ಕಾಲೂ ಗಟ್ಟಿಯಾಗಿರುವ ಮಗು, ತಲೆ ಬಗ್ಗಿಸಿ ತನ್ನ ಕಾಲು ನೋಡಿಕೊಂಡಿತು. ನಾನು ಸುಮ್ಮನೆ ಸಾದಾ ಸೈಕಲ್ಲನ್ನು ಇಳಿಸಿಕೊಟ್ಟೆ.

ನಾಳೆ ನಿಮ್ಮ ಮನೆಗೆ ಬರುತ್ತೇನೆ, ಮಂಗಳಾ. ಒಳಗೆ ಕರೆಯಬೇಡ, ಕಾಫಿಗೆ ಇಡಬೇಡ. ಇಷ್ಟು ದಿನ ಮನಸ್ಸಿನಲ್ಲೇ ಹೇಳಿಕೊಂಡದ್ದನ್ನು ಬಾಗಿಲಲ್ಲೇ ನಿಂತು ಹೇಳುತ್ತೇನೆ. ನಿನ್ನ ಮಗಳನ್ನೂ ಹೊರಗೆ ಕರೆ—ಅವಳೂ ಕೇಳಿಸಿಕೊಳ್ಳಲಿ.