ಜಗಲಿಯ ಮೇಲಿಂದ ಮಾತಾಡಿದವಳು

ಭಾಗ್ಯಾ, ನೀನು ಎರಡನೇ ಇಯತ್ತೆಯಲ್ಲಿದ್ದಾಗ ನಮ್ಮ ದೇವರ ಜಗಲಿಯ ಮೇಲಿಂದ ನಿನ್ನ ಜೊತೆ ಮಾತಾಡಿದ್ದು ದೇವರಲ್ಲ. ನಾನು, ನಿನ್ನ ಅವ್ವ. ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಇಷ್ಟು ವರ್ಷ ನಿನಗೆ ಜಡೆ ಹಾಕಿದ್ದೇನೆ, ರೊಟ್ಟಿ ಬಡಿದು ಬಡಿಸಿದ್ದೇನೆ, ನಿನ್ನ ಮುಖ ನೋಡಿ ನಕ್ಕಿದ್ದೇನೆ—ಹೇಗೆ ನಕ್ಕೆನೋ ನನಗೇ ತಿಳಿಯದು.

ಆಗ ನಾನು ತಿಕೋಟಾದಿಂದ ದಿನಾ ಬಸ್ಸು ಹಿಡಿದು ವಿಜಯಪುರದ ಚಷ್ಮಾ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದೆ. ನಿಮ್ಮಪ್ಪ ಬಿಜ್ಜರಗಿಯ ದ್ರಾಕ್ಷಿ ತೋಟಕ್ಕೆ. ಮನೆಯಲ್ಲಿ ನೀನು, ನಾಲ್ಕು ವರ್ಷದ ಅವಳಿ ತಮ್ಮಂದಿರಾದ ಸಮರ್ಥ, ಸಂಪತ್ತು, ಮತ್ತು ನಿಮ್ಮನ್ನು ಕಾಯಲು ಅಜ್ಜಿ, ನಿಮ್ಮ ಆಯಿ. ಕಾಯುವುದೆಂದರೇನು—ಮಧ್ಯಾಹ್ನ ಉಂಡ ಕೂಡಲೇ ಆಯಿಗೆ ಕಣ್ಣೆಳೆಯುತ್ತಿತ್ತು, ಸರಿಯಾಗಿ ಅದೇ ಹೊತ್ತಿಗೆ ನಿನ್ನ ತಮ್ಮಂದಿರ ಉಡಾಳತನ ಶುರುವಾಗುತ್ತಿತ್ತು.

ಅದಕ್ಕೆಂದೇ ನಿಮ್ಮಪ್ಪ ಆನ್‌ಲೈನಿನಲ್ಲಿ ಒಂದು ಕ್ಯಾಮೆರಾ ತರಿಸಿದರು. ಮುಷ್ಟಿಯಷ್ಟು ಬಿಳಿ ಗುಂಡು, ಕುತ್ತಿಗೆ ತಿರುಗಿಸುವಂಥದ್ದು. ನಾನು ಅಂಗಡಿಯಲ್ಲಿ ಫೋನು ಒತ್ತಿ ಮಾತಾಡಿದರೆ ಮನೆಯಲ್ಲಿ ಅದರೊಳಗಿಂದ ಕೇಳುತ್ತಿತ್ತು. ಪಡಸಾಲೆಯಲ್ಲಿದ್ದದ್ದು ಒಂದೇ ಪ್ಲಗ್ಗು, ಅದೂ ದೀಪದ ಸರಕ್ಕೆಂದು, ದೇವರನ್ನು ಕೂಡಿಸಿದ ಜಗಲಿಯ ಪಕ್ಕದಲ್ಲಿ. ಹೀಗಾಗಿ ಕ್ಯಾಮೆರಾ ಹೋಗಿ ಮನೆದೇವರ ಬಗಲಲ್ಲೇ ಹೂವಿನ ಹಿಂದೆ ಕುಳಿತುಕೊಂಡಿತು. ಕಳ್ಳರನ್ನು ಹಿಡಿಯಲಿಕ್ಕೆ ಎಂದು ನಿಮಗೆಲ್ಲ ಹೇಳಿದ್ದೆವು. ಅದು ಮಾತೂ ಆಡುತ್ತದೆಂದು ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಫೋನು ತೆಗೆದು ನೋಡುತ್ತೇನೆ—ಸಮರ್ಥನ ಹೆಗಲೇರಿ ಸಂಪತ್ತು ದೇವರ ಮುಂದಿನ ಸಕ್ಕರೆ ಬಟ್ಟಲಿಗೆ ಕೈ ಚಾಚಿದ್ದಾನೆ! ಬೈಯಬೇಕೆಂದು ಒತ್ತಿದೆ, ಬಂದದ್ದು ಕೆಮ್ಮು. ಆ ಅಗ್ಗದ ಡಬ್ಬಿಯಲ್ಲಿ ಹಾಯ್ದು ಅದು ಏನಾಗಿ ಕೇಳಿಸಿತೋ, ಇಬ್ಬರೂ ದೊಪ್ಪನೆ ಕೆಳಗೆ ಬಿದ್ದು ಕೈ ಮುಗಿದರು.

“ಲೇ, ದ್ಯಾವ್ರಿಗೆ ಕೆಮ್ಮ ಬಂದೈತಿ!” ಎಂದ ಸಮರ್ಥ.

ಸಂಪತ್ತು ಒಳಗೆ ಓಡಿ ಕೆಮ್ಮಿನ ಔಷಧ ತಂದ. ತಾನು ಕುಡಿಯಬೇಕಾದರೆ ಮನೆಮಂದಿಯನ್ನೆಲ್ಲ ಓಣಿ ತುಂಬ ಓಡಿಸುವ ಹುಡುಗ, ದೇವರಿಗೆ ಒಂದು ಮುಚ್ಚಳ ಅಳೆದು ಜಗಲಿಯ ಮೇಲಿಟ್ಟ.

ಆಗಲೇ “ನಾನಪ್ಪಾ, ನಿಮ್ಮ ಅವ್ವ” ಅನ್ನಬೇಕಿತ್ತು. ಅನ್ನಲಿಲ್ಲ. ದನಿ ದಪ್ಪ ಮಾಡಿ, “ಕೈ ತೊಳ್ಕೋರಿ” ಎಂದೆ. ಓಡಿಹೋಗಿ ತೊಳೆದುಕೊಂಡರು! ಹೆತ್ತವಳು ಗಂಟಲು ಹರಿದುಕೊಂಡರೂ ಆಗದ ಕೆಲಸ ಒಂದೇ ಮಾತಿಗೆ ಆಗಿಹೋಯಿತು. ಆ ರುಚಿ ನನ್ನನ್ನು ಬಿಡಲಿಲ್ಲ. ಸುದ್ದಿ ಕೇಳಿದ ಆಯಿ ಗಲ್ಲ ಗಲ್ಲ ಬಡಿದುಕೊಂಡು, “ನಮ್ಮ ಮನಿದ್ಯಾವ್ರು ಜಾಗೃತ ಐತಿ ಅಂತ ನಾ ಮೊದಲಿಂದ ಹೇಳ್ಕೋತ ಬಂದಿದ್ದಿಲ್ಲೇನು?” ಎಂದರು. ನಾನು ತಲೆಬಾಗಿಸಿ ಪಲ್ಯ ಹೆಚ್ಚುತ್ತ ಕುಳಿತೆ.

ನನಗೆ ಈಗಲೂ ಬೆರಗು, ನೀವು ಆ ದೇವರಿಗೆ ಎಷ್ಟು ಹೊಂದಿಕೊಂಡುಬಿಟ್ಟಿರಿ ಎಂದು. ನಾನು ಮನೆಯಲ್ಲಿರುವ ರವಿವಾರ ದೇವರು ಮಾತಾಡುತ್ತಿರಲಿಲ್ಲ. ತಮ್ಮಂದಿರು ಅದಕ್ಕೂ ಕಾರಣ ಹುಡುಕಿದರು—“ದ್ಯಾವ್ರಿಗೂ ಸೂಟಿ ಇರ್ತೈತಿ.” ಕರೆಂಟು ಹೋದರೆ, “ಈಗ ಕೇಳಬ್ಯಾಡ, ಲೈಟ್ ಬಂದ ಮ್ಯಾಲೆ ಕೇಳೋಣು.” ಅನುಮಾನ ಎಂಬುದೇ ಇಲ್ಲ. ನಾನು ಅಂಗಡಿಯಲ್ಲಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆ.

ನಗು ನಿಂತದ್ದು ನಿನ್ನಿಂದ.

ಒಂದು ಶನಿವಾರ ಬೆಳಗಿನ ಸಾಲಿ ಮುಗಿಸಿ ಬಂದವಳು ನೀನು ಒಬ್ಬಳೇ ಜಗಲಿಯ ಮುಂದೆ ಕುಳಿತೆ. ಆಯಿ ಮಲಗಿದ್ದಾರೋ ಇಲ್ಲವೋ ಎಂದು ಎರಡು ಸಲ ತಿರುಗಿ ನೋಡಿದೆ. ಆಮೇಲೆ ಎದ್ದು ಹತ್ತಿರ ಬಂದೆ, ನಿನ್ನ ಮುಖ ನನ್ನ ಫೋನಿನ ತುಂಬ ಬಂತು.

“ದ್ಯಾವ್ರೇ, ನನಗ ಬೋರ್ಡ್ ಮ್ಯಾಲಿನ ಅಕ್ಷರ ಕಾಣವಲ್ದು. ಅವ್ವಗ ಹೇಳಬ್ಯಾಡ. ಮೊಬೈಲ್ ನೋಡಿ ಕಣ್ಣು ಕೆಟ್ಟಾವ ಅಂತ ಅಕಿ ತಮ್ಮಂದಿರ ಕಾರ್ಟೂನ್ ಬಂದ್ ಮಾಡ್ತಾಳ. ಕಾರ್ಟೂನ್ ಇಲ್ದ ಅವ್ರು ಉಣ್ಣೂದಿಲ್ಲ. ಹೇಳೂದಿಲ್ಲಲ್ಲ?”

ಭಾಗ್ಯಾ, ನನ್ನ ಕೈಯಲ್ಲಿ ಯಾರದೋ ಚಷ್ಮಾ ಇತ್ತು. ಊರಮಂದಿಯ ಕಣ್ಣಿಗೆಲ್ಲ ಗಾಜು ಕೂಡಿಸುವ ನನಗೆ ಮಗಳ ಕಣ್ಣು ತಿಳಿದಿರಲಿಲ್ಲ. ಮತ್ತೆ ನೀನು—ಏಳು ವರ್ಷದವಳು, ತಮ್ಮಂದಿರ ತುತ್ತಿಗಾಗಿ ನಿನ್ನ ಕಣ್ಣನ್ನೇ ಮುಚ್ಚಿಡಲು ಹೊರಟಿದ್ದೆ. ಫೋನು ಇಟ್ಟುಬಿಡಬೇಕಿತ್ತು. ನೀನು ಕಾಯುತ್ತಲೇ ಇದ್ದೆ, ಎವೆ ಬಡಿಯದೆ. ನಾನು ಒತ್ತಿದೆ.

“ಇಲ್ಲ. ಹೇಳೂದಿಲ್ಲ.”

ದೇವರ ಮಾತನ್ನು ಉಳಿಸಲು ಆಟ ಹೂಡಿದೆ. ಮುಂದಿನ ಸೂಟಿಯ ದಿನ ನಿನ್ನನ್ನು ವಿಜಯಪುರಕ್ಕೆ ಕರೆದುಕೊಂಡು ಹೋಗಿ, ಬಸ್ ಸ್ಟ್ಯಾಂಡಿನಲ್ಲಿ “ಆ ಬಸ್ಸು ಯಾವೂರಿಂದು ನೋಡು” ಎಂದೆ. ನೀನು ಕಣ್ಣು ಕಿರಿದು ಮಾಡಿ, “ತಿಕೋಟಾದ್ದು” ಎಂದೆ. ಬಸ್ಸು ಬಬಲೇಶ್ವರದ್ದಾಗಿತ್ತು. ಆಗಷ್ಟೇ ಗೊತ್ತಾದವಳ ಹಾಗೆ ಎದೆ ಬಡಿದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಎಷ್ಟು ಚೆಂದ ನಟಿಸಿದೆ!

ಚಷ್ಮಾ ಬಂದ ದಿನ ಅದನ್ನು ಹಾಕಿಕೊಂಡು ಹೊರಗೆ ಬಂದ ನೀನು ರಸ್ತೆಯಲ್ಲೇ ನಿಂತುಬಿಟ್ಟೆ. “ಯವ್ವಾ, ಗುಮ್ಮಟದ ಮ್ಯಾಲೆ ಹಕ್ಕಿ ಅದಾವು!” ದಿನಾ ನೋಡುವ ಗೋಳಗುಮ್ಮಟವನ್ನು ನಿನ್ನ ಜೊತೆ ನಾನೂ ಬಾಯಿ ತೆರೆದು ನೋಡಿದೆ. ಕಣ್ಣು ತುಂಬಿ ಬಂತು, ಮೈಮರೆತು ನಿನಗೆ ಅಂದೆ:

“ಅಂಜಬ್ಯಾಡವ್ವಾ, ತಮ್ಮಂದಿರ ಕಾರ್ಟೂನ್ ಏನು ಬಂದ್ ಮಾಡೂದಿಲ್ಲ.”

ಬಾಯಿಂದ ಬಿದ್ದ ಮೇಲೆ ತಿಳಿಯಿತು. ಆ ಮಾತನ್ನು ನೀನು ಹೇಳಿದ್ದು ದೇವರೊಬ್ಬನಿಗೇ. ನೀನು ಗುಮ್ಮಟ ಬಿಟ್ಟು ಹೊಸ ಗಾಜಿನೊಳಗಿಂದ ನನ್ನನ್ನು ನೋಡಿದೆ.

ಮರುದಿನ ನೀನು ಜಗಲಿಯ ಮುಂದೆ ಕುಳಿತದ್ದನ್ನು—ಹೌದು, ನಾಚಿಕೆಯಿಲ್ಲದೆ—ಮತ್ತೆ ನೋಡಿದೆ. ನೀನು ದೇವರ ಜೊತೆ ಜಗಳ ಮಾಡುತ್ತೀ ಅಂದುಕೊಂಡಿದ್ದೆ. ನೀನು ಮೆಲ್ಲಗೆ ಅಂದೆ: “ಹೋಗ್ಲಿ ಬಿಡು. ನಿನ್ನ ಹೊಟ್ಟ್ಯಾಗ ಮಾತು ನಿಲ್ಲೂದಿಲ್ಲ. ನನಗೂ ಒಮ್ಮೊಮ್ಮೆ ಹಂಗ ಆಗ್ತೈತಿ. ಆದ್ರ ಇನ್ನ ಮ್ಯಾಲೆ ನಿನಗ ಏನೂ ಹೇಳೂದಿಲ್ಲ.”

ಏಳು ವರ್ಷದ ಹುಡುಗಿ ದೇವರನ್ನು ಕ್ಷಮಿಸಿದಳು. ಅಂಥ ದೊಡ್ಡ ಮನಸ್ಸನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಆ ಮನಸ್ಸಿನ ಮುಂದೆಯೂ ನಾನು ಬಾಯಿ ಬಿಡಲಿಲ್ಲ. ವಾರದೊಳಗೆ ಉದ್ದ ವಾಯರು ಎಳೆಸಿ ಕ್ಯಾಮೆರಾವನ್ನು ತಲೆಬಾಗಿಲಿನ ಮೇಲೆ ಹಾಕಿಸಿದೆ. ದೇವರಿಗೆ ಗಂಟಲು ಕಟ್ಟಿದೆ ಎಂದು ತಮ್ಮಂದಿರು ಕೆಲವು ದಿನ ಬೆಲ್ಲದ ನೀರಿಟ್ಟರು, ಆಮೇಲೆ ಮರೆತರು. ನೀನು ಮರೆಯಲಿಲ್ಲ.

ನಿನಗೀಗ ಹದಿಮೂರು. ಮೊನ್ನೆ ನೀನು ಏನೋ ಮನಸ್ಸಿಗೆ ಹಚ್ಚಿಕೊಂಡು ಊಟ ಬಿಟ್ಟು ಕುಳಿತಿದ್ದೆ. ನಾನು ಕೇಳಿದರೆ ಏನಿಲ್ಲ ಎಂದೆ. ಆಯಿ, “ದ್ಯಾವ್ರ ಮುಂದರೆ ಹೇಳ್ಕೋ ಬೇ” ಎಂದರು. ನೀನು ಚಷ್ಮಾ ಒರೆಸುತ್ತ, “ಆ ದ್ಯಾವ್ರ ಹೊಟ್ಟ್ಯಾಗ ಮಾತು ನಿಲ್ಲೂದಿಲ್ಲ ಆಯಿ” ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವ್ವನ ಹತ್ತಿರವೂ ಇಲ್ಲ, ದೇವರ ಹತ್ತಿರವೂ ಇಲ್ಲ—ಹಾಗಾದರೆ ನನ್ನ ಮಗಳು ತನ್ನ ಸಂಕಟವನ್ನು ಎಲ್ಲಿ ಇಳಿಸಬೇಕು?

ಇವತ್ತು ಸಂಜೆ ನೀನು ಬಂದ ಮೇಲೆ ಇದನ್ನೆಲ್ಲ ಎದುರು ಕುಳಿತು ಹೇಳುತ್ತೇನೆ. ಮಾತು ತಪ್ಪಿದ್ದು ಆ ದೇವರಲ್ಲ, ಭಾಗ್ಯಾ. ನನ್ನನ್ನು ಕ್ಷಮಿಸೆಂದು ಕೇಳುವುದಿಲ್ಲ, ಅವನ ಮೇಲಿನ ಮುನಿಸನ್ನು ನನ್ನ ಮೇಲೆ ಹಾಕು. ಆಮೇಲೆ ನೀನು ಜಗಲಿಯ ಮುಂದೆ ಕುಳಿತರೆ, ನಾನು ಬಾಗಿಲು ಎಳೆದುಕೊಂಡು, ಒಳಗಿನ ಮಾತು ಕೇಳಿಸದಷ್ಟು ದೂರ ಹೋಗಿ ಅಂಗಳದಲ್ಲಿ ನಿಲ್ಲುತ್ತೇನೆ.