ದಾಳಿಂಬದ ಬಾವಿಯಲ್ಲಿ ಹಡಗಿನ ಪಾಠ

ಕುಡಿಯುವ ನೀರಿಗೇ ಟ್ಯಾಂಕರಿನ ದಾರಿ ಕಾಯುವ ಉಮರ್ಗಾದಲ್ಲಿ ಕಾಶೆಪ್ಪ ಹಡಗಿನ ಶಾಲೆ ತೆಗೆದ. ಕೆಳಗೆ ಅವನ ಬಟ್ಟೆ ಅಂಗಡಿ, ಮೇಲೆ ಶಾಲೆ. ನಗಬೇಡಿ, ಅವನ ಪ್ರಮಾಣಪತ್ರ ಹಿಡಿದು ಹೋದ ಹುಡುಗರಿಗೆ ಮುಂಬೈಯಲ್ಲಿ ಹಡಗಿನ ಕೆಲಸ ಸಿಗುತ್ತಿತ್ತು.

ಪಾಠ ಹೇಳಲು ಸಿಕ್ಕವನು ರೇವಣಸಿದ್ಧ. ಹರೆಯವನ್ನೆಲ್ಲ ಹಡಗಿನಲ್ಲಿ ಖಲಾಸಿಯಾಗಿ ಸವೆಸಿದವನು. ಊರಿನಲ್ಲಿ ಭೂಕಂಪವಾದಾಗ ನಡುಸಮುದ್ರದಲ್ಲಿದ್ದ, ಊರು ಮುಟ್ಟುವಷ್ಟರಲ್ಲಿ ಹೆಂಡತಿಯನ್ನು ಮಣ್ಣು ಮಾಡಿ ಮುಗಿದಿತ್ತು. ಮತ್ತೆ ಹಡಗು ಹತ್ತಲಿಲ್ಲ. ಈ ಹುಡುಗರನ್ನಾದರೂ ಬದುಕಿ ಬರುವಂತೆ ಕಲಿಸಬೇಕು ಎಂಬ ಹಟವೊಂದೇ ಅವನಲ್ಲಿ ಉಳಿದಿತ್ತು.

ಶಾಲೆಗೆ ಇದ್ದದ್ದು ಒಂದೇ ಲೈಫ್ ಜಾಕೆಟ್, ಅದೂ ಗಾಜಿನ ಕಪಾಟಿನಲ್ಲಿ ದೇವರ ಹಾಗೆ. “ಸಾವಕಾರ್ರೆ, ಪೋರಗೋಳಿಗಿ ಇದನ್ನ ನೀರಾಗ ಕಲಸಬೇಕ್ರಿ. ಬಾಯಿಪಾಠ ಹೆದರಿಕ್ಯಾಗ ನಿಂದ್ರಲ್ಲ,” ಎಂದು ರೇವಣಸಿದ್ಧ ಬೆನ್ನು ಹತ್ತಿದ.

“ನಮ್ಮ ಪೋರಗೋಳು ಸಣ್ಣಿಂದ ಬಾವ್ಯಾಗ ಈಸ್ಯಾವ. ಅವಕ್ಕ ನೀ ಏನ್ ಕಲಸ್ತಿ?” ಎಂದ ಕಾಶೆಪ್ಪ, ಕಡೆಗೆ ಕಾಟ ತಡೆಯಲಾರದೆ ಕಪಾಟಿನ ಕೀಲಿ ಕೊಟ್ಟ.

ಹತ್ತಿರದ ಹಳ್ಳಿ ದಾಳಿಂಬದ ಬಾವಿಗೆ ಮೊದಲು ಇಳಿಯಲು ನಿಂತವನು ಕುಸುಮಬಾಯಿಯ ಮಗ ಬಾಳು. ಮುಂದಿನ ವಾರ ಹಡಗಿಗೆ ಹೊರಟವನು. ಜಾಕೆಟ್ ಎದೆಯ ಮೇಲೆ ಬರಬೇಕೆಂದು ತರಗತಿಯಲ್ಲಿ ಗಿಳಿಯಂತೆ ಒಪ್ಪಿಸಿದ್ದ. “ಜಹಾಜ ಮುಳುಗಲತ್ತದ, ಜಿಗಿ!” ಎಂದು ರೇವಣಸಿದ್ಧ ಕೂಗಿದ್ದೇ ತಡ, ಗಡಿಬಿಡಿಯಲ್ಲಿ ಅದನ್ನು ಬೆನ್ನಿಗೆ ಕಟ್ಟಿಕೊಂಡು ಹಾರಿದ. ಆ ಕಡೆಯ ಮಕ್ಕಳು ಈಜು ಕಲಿಯುವುದೇ ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು. ಕೈಗೆ ನೆನಪಿದ್ದದ್ದು ಅದು. ಜಾಕೆಟ್ ಅವನ ಬೆನ್ನನ್ನು ಮೇಲೆತ್ತಿ ಮುಖವನ್ನು ನೀರಿಗೆ ಒತ್ತಿ ಹಿಡಿಯಿತು. ರೇವಣಸಿದ್ಧ ಉಟ್ಟ ಬಟ್ಟೆಯಲ್ಲೇ ಹಾರಿ ಎಳೆದು ತಂದ.

“ಈಗಿಂದೀಗ ಮತ್ತೊಮ್ಮೆ ಹಾಕ್ಕೋ, ಬಾಳು. ಇಲ್ಲಂದ್ರ ಕೈಗಿ ಹತ್ತಲ್ಲ.”

ಬಾಳು ನೀರಿನ ಹತ್ತಿರವೂ ಬರಲಿಲ್ಲ. ಸುದ್ದಿ ಕೇಳಿದ ಕಾಶೆಪ್ಪ ಕೆಂಡವಾದ. “ಒಂದು ಹೆಣ ಬಿದ್ರ ನನ್ನ ಶಾಲಿ ಮುಚ್ಚಿ ಹೋಯ್ತದ!” ಜಾಕೆಟ್ ತಿರುಗಿ ಕಪಾಟು ಸೇರಿತು. ಎಲ್ಲರಿಗೂ ಪ್ರಮಾಣಪತ್ರ ಸಿಕ್ಕಿತು, ಬಾವಿಗೆ ಇಳಿಯದವರಿಗೂ.

ಬಾಳು ಹೊರಟ ದಿನ ರೇವಣಸಿದ್ಧ ಬಸ್ ಸ್ಟ್ಯಾಂಡಿಗೆ ಹೋದ. ಕುಸುಮಬಾಯಿ ಕೈ ಮುಗಿದಳು. ಮಗ ಅವಳೆದುರು ಬಾವಿಯ ಮಾತು ಎತ್ತಿರಲಿಲ್ಲ.

“ಸಮುದ್ರ ಅಂದ್ರ ನನ್ನ ಎದಿ ಝಲ್ ಅಂತದ್ರಿ ಸರ. ನೀವು ಕಲಿಸೀರಿ ಅಂತ ಕಳಸಲತ್ತೀನಿ. ಚಲೋ ಕಲತಾನಲ್ರಿ?”

ಅವಳ ಹಿಂದೆ ಬಾಳು ಹೇಳಬೇಡಿ ಎಂಬಂತೆ ತಲೆಯಾಡಿಸಿದ. ಕಂಡಕ್ಟರ್ ಸೀಟಿ ಊದಿದ.

“ಕಲತಾನವ್ವಾ,” ಎಂದ ರೇವಣಸಿದ್ಧ.