ಕುರಿ ಮುಂದೆ ಕೇಳಬಾರದ ಪ್ರಶ್ನೆ

ನಿವೃತ್ತ ವಿಜ್ಞಾನ ಮಾಸ್ತರನಿಗೆ ಸರಕಾರ ಪಿಂಚಣಿ ಕೊಡುತ್ತದೆ, ಕೆಲಸ ಕೊಡುವುದಿಲ್ಲ. ಆ ಕೊರತೆಯನ್ನು ನನ್ನ ತಂಗಿಯ ಮಗಳು ತುಂಬಿದಳು. ಬಿಸಿಲು ಏರಿದಂತೆ ಯಾವ ಪ್ರಾಣಿ ಯಾವ ಸೀಮೆ ಬಿಟ್ಟು ಎತ್ತ ಸರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನಕಾಶೆ ಬಿಡಿಸುವುದು ಅವಳ ವೃತ್ತಿ. ಈ ಸಲದ ಪಾಳಿ ತೋಳದ್ದು. ಈಗ ಎಲ್ಲಿದೆ ಎಂದು ಗೊತ್ತಾದರೆ ಮಾತ್ರ ಮುಂದೆ ಎಲ್ಲಿರುತ್ತದೆಂದು ಹೇಳಬಹುದಂತೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ವಿಚಾರಣಾಧಿಕಾರಿಯಾಗಿ ನಾನು ನೇಮಕಗೊಂಡೆ.

ಇಸ್ತ್ರಿ ಅಂಗಿ ತೊಟ್ಟು, ಕುರಿಹಿಂಡು ಕಂಡಲ್ಲೆಲ್ಲ ಟೆಂಪೋ ಇಳಿದು, ಗಂಟಲು ಸರಿಮಾಡಿಕೊಂಡು ಕೇಳಿದೆ: "ಇಲ್ಲಿ ತೋಳ ಐತೇನ್ರಿ?"

ಕುರಿಗಾರರು ಒಮ್ಮೆ ಕುರಿಗಳ ಕಡೆ ನೋಡಿ, "ಇಲ್ರಿ ಮಾಸ್ತರ" ಎಂದರು. ನಾನು ಶ್ರದ್ಧೆಯಿಂದ "ಇಲ್ಲ" ಎಂದು ಬರೆದೆ. ನಾಲ್ಕೂ ತಾಲೂಕು ಮುಗಿಯುವಷ್ಟರಲ್ಲಿ ತೋಳವನ್ನು ಏಕಾಂಗಿಯಾಗಿ ಗಡೀಪಾರು ಮಾಡಿದ ಕೀರ್ತಿ ನನ್ನದಾಗಿತ್ತು.

ನಕಾಶೆ ಬಂತು. ನಮ್ಮ ಸೀಮೆ ಅಚ್ಚ ಬಿಳಿ, ತೋಳದ ಒಂದು ಚುಕ್ಕೆಯೂ ಇಲ್ಲ. ಅದನ್ನು ಝಳಕಿ ಕಡೆಯ ಗಾಯರಾಣದಲ್ಲಿ, ಅಂದರೆ ಊರ ದನಕುರಿ ಮೇಯುವ ಬಯಲಿನಲ್ಲಿ, ಕುರಿ ಕಾಯುವ ಒಬ್ಬ ಮುದುಕಿ ಆಯಿಗೆ ತೋರಿಸಿದೆ. ಆ ಬಯಲಿಗೆ ಸೋಲಾರ್ ಫಲಕ ಹಾಕುವ ಮಾತು ನಡೆದಿತ್ತು. ಅಲ್ಲಿ ಕಾಡುಪ್ರಾಣಿ ಇಲ್ಲವೆಂದು ಸಾಧಿಸಲು ನನ್ನ ಬಿಳಿ ನಕಾಶೆ ಸಾಕಿತ್ತು. ಬಯಲು ಹೋದರೆ ಆಯಿಯ ಹಿಂಡಿಗೆ ಬೇರೆ ಮೇವಿಲ್ಲ.

ಕುರಿಗಳು ಆಗಲೇ ತುಸು ದೂರ ಹೋಗಿದ್ದವು. ಆಯಿ ನಕ್ಕಳು.

"ಕುರಿ ಮುಂದ ಅದರ ಹೆಸರ ತಗದ್ರ ಯಾರ ಹೂಂ ಅಂತಾರ? ಹೂಂ ಅಂದ್ರ ಸಂಜೀಕ ಬಂದ ನಿಂದರ್ತೈತಿ. ಇಷ್ಟೂ ಗೊತ್ತಿಲ್ಲ, ಸಾಲಿ ಹೆಂಗ ಕಲಿಸಿದ್ರಿ?"

"ಹಂಗಾದ್ರ ಐತೇನಾಯಿ?"

ಆಕೆ ಹಿಂಡಿನ ಕಡೆ ಇನ್ನೊಮ್ಮೆ ನೋಡಿ ದನಿ ತಗ್ಗಿಸಿದಳು. "ಆ ಹಳ್ಳದ ದಂಡ್ಯಾಗ ಈದೈತಿ. ಮೂರ ಮರಿ. ಬರ್ರಿ, ತೋರಸ್ತೇನಿ."

ನೋಡಿ ಬಂದವನೇ ತಂಗಿಯ ಮಗಳಿಗೆ ಫೋನು ಮಾಡಿದೆ.

"ಮಾಮಾ, ನಕಾಶಿ ಇಂಡಿ ಕಚೇರಿಗಿ ಹೋಗಿ ಆತು."

"ವಾಪಸ್ ತರಸು. ಮಾಸ್ತರ ಪೇಲಾಗ್ಯಾನ, ತಿರಗಿ ಪರೀಕ್ಷಾಕ್ಕ ಕೂಡತಾನಂತ ನಿನ್ನ ಕಂಪ್ಯೂಟರಿಗಿ ಹೇಳು."

ಎರಡನೇ ಸುತ್ತು ಹೊರಟೆ. ಈ ಸಲ ಕುರಿಗಾರರನ್ನು ಕುರಿಗಳಿಗೆ ಕೇಳಿಸದಷ್ಟು ದೂರ ಕರೆದೊಯ್ದು, ಗುಟ್ಟಿನ ವ್ಯವಹಾರದವರಂತೆ ಪಿಸುಗುಟ್ಟಿ ಕೇಳಿದೆ. ಬಿಳಿ ನಕಾಶೆಗೆ ಚುಕ್ಕೆಗಳು ಬಿದ್ದವು. ಆದರೂ ಮುಂದಿನ ಕಾಲದ ನಕಾಶೆ ಮಾತ್ರ ಬೆಳ್ಳಗೇ ಬಂತು. ಬಿಸಿಲು ತಾಳದೆ ತೋಳ ಸೀಮೆ ಬಿಡುತ್ತದಂತೆ.

ಆಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದರಾಗ ನಮ್ಮ ಕುರಿ ಎಲ್ಲಿ ಅದಾವು?"

ಇರಲಿಲ್ಲ. ಬಿಸಿಲು, ಮಳೆ, ಮಣ್ಣು ಇದ್ದವು.

"ಕುರಿ ಇಲ್ಲದ ಹಾಳ್ಯಾಗ ಅದು ಯಾಕ ಇರ್ತೈತಿ? ನಾವು ಇಲ್ಲಿಂದ ಏಳಂಗಿಲ್ಲ. ಅದೂ ಏಳಂಗಿಲ್ಲ. ಬರಕೋರಿ."

ಬರೆದುಕೊಂಡೆ. ತಂಗಿಯ ಮಗಳು ಈಗ ಕುರಿ ತಿರುಗುವ ದಾರಿಗಳನ್ನೂ ಲೆಕ್ಕಕ್ಕೆ ಸೇರಿಸುತ್ತಿದ್ದಾಳೆ. ಉತ್ತರ ಏನು ಬರುತ್ತದೋ, ಬರಲಿ. ಗಾಯರಾಣದ ವಿಚಾರಣೆ ಬರುವ ವಾರ ಇಂಡಿಯಲ್ಲಿದೆ. ನನ್ನ ಮೊದಲ ಬಿಳಿ ನಕಾಶೆ ಸುಳ್ಳೆಂದು ನಾನೇ ಬರೆದು ಸಹಿ ಹಾಕಿ ಕೊಡುತ್ತೇನೆ. ಆಯಿಯೂ ಬರುತ್ತಾಳೆ. ಸಾಹೇಬರ ಮುಂದೆ ಅದರ ಹೆಸರನ್ನು ಗಟ್ಟಿಯಾಗಿ, ಮೂರು ಸಲ ಬೇಕಾದರೂ ಹೇಳುತ್ತಾಳಂತೆ.

ಕಚೇರಿಯ ಸುತ್ತಮುತ್ತ ಒಂದು ಕುರಿಯೂ ಇರಬಾರದು, ಅಷ್ಟೇ.